ಜಿಂಜರ್ ಕೂದಲಿಗೆ ತಕ್ಕ ಯಂತ್ರ

ಮೊನ್ನೆ ಭಾನುವಾರ ಲ್ಯಾನ್‌ಹ್ಯಾಮಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಯ ಸಾಲಿನಲ್ಲಿ ನಿಂತಿದ್ದೆ. ದರ್ಶನಕ್ಕೆಂದು ಹೋದವನು ದೋಸೆಯನ್ನೂ ತಿನ್ನುತ್ತೇನೆ ಎಂದು ಮನೆಯಲ್ಲಿ ಹೇಳಿರುತ್ತೇನೆ. ನಿಜ ಏನೆಂದು ನಿಮಗೂ ಗೊತ್ತು, ದೇವರಿಗೂ ಗೊತ್ತು. ಹಿಂದಿನಿಂದ ಯಾರೋ ಮೆಲ್ಲಗೆ ಭುಜ ಮುಟ್ಟಿದರು. ತಿರುಗಿದರೆ ಗುರುತಿಲ್ಲದ ಒಬ್ಬ ತರುಣ, ಪಕ್ಕದಲ್ಲಿ ಅವನ ಹೊಸ ಹೆಂಡತಿ.

"ಅಂಕಲ್, ಫೇರ್‌ಫ್ಯಾಕ್ಸ್ ಶ್ರೀಧರ್ ಅಂಕಲ್ ನೀವೇ ತಾನೆ? ನಾವೊಂದು ಬೆಕ್ಕು ಅಡಾಪ್ಟ್ ಮಾಡ್ಕೊಂಡಿದೀವಿ. ಯಾವ ವ್ಯಾಕ್ಯೂಮ್ ಕ್ಲೀನರ್ ತಗೊಳ್ಳೋದು ಅಂತ ನಿಮ್ಮನ್ನೇ ಕೇಳಿ ಅಂದ್ರು ಎಲ್ಲಾರೂ."

ನೋಡಿ, ಈ ಊರಿನ ಕನ್ನಡಿಗರಲ್ಲಿ ಒಬ್ಬರು ಸಂಗೀತಕ್ಕೆ ಹೆಸರಾಗಿದ್ದಾರೆ, ಒಬ್ಬರು ವೀಸಾ ಸಲಹೆಗೆ, ಇನ್ನೊಬ್ಬರು ಹೋಳಿಗೆಗೆ. ನಾನು ನಾಯಿ ಕೂದಲಿಗೆ ಹೆಸರಾದೆ. "ಅಂಗಡಿಗೆ ಹೋಗು, ಮೊದಲು ಕಣ್ಣಿಗೆ ಬಿದ್ದದ್ದನ್ನ ತಗೊಂಡು ಮನೆಗೆ ಬಾ" ಎಂದೆ. ಹುಡುಗ ನಕ್ಕ, ತಮಾಷೆ ಎಂದುಕೊಂಡ. "ಇಲ್ಲ ಅಂಕಲ್, ಸೀರಿಯಸ್ಸಾಗಿ. ಚೀಲ ಇರೋದಾ, ಇಲ್ಲದ್ದಾ?" ಎಂದು ಮತ್ತೆ ಶುರುಮಾಡಿದ. ಪುಣ್ಯಕ್ಕೆ ಅಷ್ಟರಲ್ಲಿ ನನ್ನ ನಂಬರು ಕೂಗಿದರು. ದೋಸೆ ತಿಂದೆನೇನೋ ಹೌದು, ಆದರೆ ಚಟ್ನಿಗೆ ಉಪ್ಪು ಇತ್ತೋ ಇಲ್ಲವೋ ನೆನಪಿಲ್ಲ. ಮನಸ್ಸು ಜಿಂಜರ್ ಹಿಂದೆ ಹೋಗಿಬಿಟ್ಟಿತ್ತು.

ಜಿಂಜರ್ ಯಾರು ಎಂದು ಹೇಳುವ ಮೊದಲು ನಾನು ಯಾರು ಎಂದು ಹೇಳಬೇಕು. ನಾನು ಸಾಫ್ಟ್‌ವೇರ್ ಟೆಸ್ಟರ್. ಇತರರು ಬರೆದ ಪ್ರೋಗ್ರಾಮುಗಳಲ್ಲಿ ಹುಳುಕು ಹುಡುಕುವುದೇ ನನ್ನ ಅನ್ನ. ಸರ್ಕಾರದ ಗುತ್ತಿಗೆ ಹಿಡಿದ ಕಂಪನಿಯೊಂದರಲ್ಲಿ ಕೆಲಸ; ಅಲ್ಲಿ "ಇದು ಸರಿಯಾಗಿದೆ" ಎಂದು ಸಹಿ ಹಾಕುವವನಿಗಿಂತ "ಇನ್ನೂ ನೋಡಬೇಕು" ಎನ್ನುವವನಿಗೇ ಮರ್ಯಾದೆ. ಸರಿ ಎಂದ ಮೇಲೆ ಏನಾದರೂ ಕೆಟ್ಟರೆ ತಲೆ ಹೋಗುವುದು ನಮ್ಮದು. ಹಾಗಾಗಿ ವರ್ಷಗಳ ಅಭ್ಯಾಸದಿಂದ ನನ್ನ ನಾಲಿಗೆ "ಸರಿ" ಎಂಬ ಮಾತನ್ನೇ ಮರೆತಿತ್ತು. ಸುಮಾ, ಅಂದರೆ ನನ್ನ ಹೆಂಡತಿ, ಉಪ್ಪಿಟ್ಟು ಹೇಗಿದೆ ಎಂದು ಕೇಳಿದರೂ "ಇನ್ನೊಂದು ತುತ್ತು ತಿಂದು ಹೇಳ್ತೀನಿ" ಎನ್ನುತ್ತಿದ್ದೆ. ಅವಳು ಕೇಳುವುದನ್ನು ಬಿಟ್ಟಳು.

ಇದು ಬರೀ ಕೆಲಸದ ದೋಷವಲ್ಲ, ರಕ್ತದಲ್ಲೇ ಬಂದದ್ದು. ನಮ್ಮಪ್ಪ ಮೈಸೂರಿನಲ್ಲಿ ಗಣಿತದ ಮೇಷ್ಟ್ರು. ಮನೆಗೆ ಮಿಕ್ಸಿ ತರಬೇಕು ಎಂದು ತೀರ್ಮಾನವಾದ ಮೇಲೆ ಅವರು ಬೀದಿಯಲ್ಲಿ ಮಿಕ್ಸಿ ಇದ್ದ ಮನೆಗಳಿಗೆಲ್ಲ ಸಂಜೆ ಹೊತ್ತು ಹೋಗಿ ಕೂತು, ಆ ಮನೆಯ ಹೆಂಗಸರ ಕೈಯಲ್ಲಿ ರುಬ್ಬಿಸಿ, ಸದ್ದು ಕೇಳಿ, ಚಟ್ನಿಯ ನುಣುಪು ನೋಡಿ ಬರುತ್ತಿದ್ದರು. ಮೇಷ್ಟ್ರು ಬಂದಿದ್ದಾರೆಂದು ಅವರೆಲ್ಲ ಚಟ್ನಿಯ ಜೊತೆಗೆ ಎರಡು ಇಡ್ಲಿಯನ್ನೂ ಇಡುತ್ತಿದ್ದರು. ಅಪ್ಪನಿಗೆ ಹೊಟ್ಟೆ ಬಂತು, ಮನೆಗೆ ಮಿಕ್ಸಿ ಬರಲಿಲ್ಲ. ಇತ್ತ ಅಮ್ಮ ಒರಳಿನ ಮುಂದೆ ಕೂತೇ ಇದ್ದಳು. ಕೊನೆಗೂ ಮಿಕ್ಸಿ ಬಂದಾಗ ಅವಳ ಬಲತೋಳು ಮೇಲೇಳದಂತೆ ಹಿಡಿದುಕೊಂಡು, ಒರಳಿನ ಕೆಲಸವೆಲ್ಲ ಪಕ್ಕದ ಮನೆಯ ಜಯಮ್ಮನ ಪಾಲಾಗಿತ್ತು.

ಅಮ್ಮ ಮಾತ್ರ ಬೇರೆ ಥರ. ದೇವರಾಜ ಮಾರ್ಕೆಟ್ಟಿನಲ್ಲಿ ಅವಳು ಪೊರಕೆ ಆರಿಸುವುದನ್ನು ನೋಡಬೇಕಿತ್ತು. ಒಂದನ್ನು ಎತ್ತಿ, ಅಂಗೈಗೆ ಕುಟ್ಟಿ, ಕಡ್ಡಿ ಉದುರಿದರೆ ಕೆಳಗಿಡುವಳು. ಇನ್ನೊಂದನ್ನು ಎತ್ತಿ ಹಿಡಿಯ ಕಟ್ಟು ಬಿಗಿಯಾಗಿದ್ದರೆ ಚೀಲಕ್ಕೆ. ಅಷ್ಟೇ. ಸಂಪಿಗೆ ಹೂವು ಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಆ ಪೊರಕೆಯಲ್ಲಿ ನಮ್ಮ ಕೆಂಪು ಗಾರೆಯ ನೆಲ ಕನ್ನಡಿಯ ಹಾಗಿರುತ್ತಿತ್ತು. ನಾಯಿ ಕೂದಲಿನ ಪ್ರಶ್ನೆಯೇ ಅಲ್ಲಿರಲಿಲ್ಲ. ಕರಿಯ ಎಂಬ ಬೀದಿನಾಯಿ ಗೇಟಿನಾಚೆ ಮಲಗಿರುತ್ತಿತ್ತು, ಉಳಿದ ಅನ್ನ ತಿನ್ನುತ್ತಿತ್ತು, ಹೊಸಿಲು ದಾಟುವ ಯೋಚನೆ ಅದಕ್ಕೂ ಇರಲಿಲ್ಲ, ನಮಗೂ ಇರಲಿಲ್ಲ. ಅದು ಕೂದಲು ಉದುರಿಸುತ್ತಿತ್ತೋ ಇಲ್ಲವೋ, ಅದು ಮುನಿಸಿಪಾಲಿಟಿಯವರ ತಲೆನೋವು.

ಅಂಥ ಮನೆಯಿಂದ ಬಂದ ನಾನು ಫೇರ್‌ಫ್ಯಾಕ್ಸಿನಲ್ಲಿ, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಹಳೇ ಮನೆಯಲ್ಲಿ, ಉದ್ದ ಕೂದಲಿನ ಕಂದು ನಾಯಿಯೊಂದಕ್ಕೆ ಯಜಮಾನನಾದೆ. ಮಗಳು ಮೇಧಾಳ ಹಟ. ಒಬ್ಬಳೇ ಮಗಳು, ಶಾಲೆಯಿಂದ ಬಂದರೆ ಮನೆಯಲ್ಲಿ ಯಾರೂ ಇಲ್ಲ, ನಾವಿಬ್ಬರೂ ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಿದ್ದೆವು. ನಿರಾಶ್ರಿತ ಪ್ರಾಣಿಗಳ ಆಶ್ರಯಧಾಮಕ್ಕೆ ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೋದವರು ಹಿಂದಿನ ಸೀಟಿನಲ್ಲಿ ಜಿಂಜರನ್ನು ಕೂರಿಸಿಕೊಂಡು ಬಂದೆವು. ಹೆಸರು ಮೇಧಾ ಇಟ್ಟದ್ದು. "ಹೆಣ್ಣು ನಾಯಿಗೆ ಯಾರಾದ್ರೂ ಶುಂಠಿ ಅಂತ ಹೆಸರಿಡ್ತಾರೇನೇ?" ಎಂದು ಸುಮಾ ನಕ್ಕಳು. ಆದರೆ ಮೊದಲ ದಿನವೇ ಅದಕ್ಕೆ ಮೊಸರನ್ನ ಕಲಸಿಟ್ಟವಳೂ ಅವಳೇ.

ಜಿಂಜರ್ ಒಳ್ಳೆಯ ನಾಯಿ. ಬೊಗಳುವುದು ಕಡಿಮೆ, ಕಚ್ಚುವುದು ಇಲ್ಲವೇ ಇಲ್ಲ. ಆದರೆ ಕೂದಲು! ಸೋಫಾದ ಮೇಲೆ, ನನ್ನ ಕಪ್ಪು ಪ್ಯಾಂಟಿನ ಮೇಲೆ, ದೇವರ ಮುಂದಿನ ರಂಗೋಲಿಯ ಮೇಲೆ, ಒಮ್ಮೆ ಬಾಸಿನ ಮುಂದೆ ತೆರೆದ ನನ್ನ ಊಟದ ಡಬ್ಬಿಯಲ್ಲಿ. ಮೇಧಾ ಸಂಜೆ ಪೂರ್ತಿ ಅದರ ಹೊಟ್ಟೆಯ ಮೇಲೆ ತಲೆಯಿಟ್ಟುಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ನಾವು ಬರುವ ಹೊತ್ತಿಗೆ ಇಬ್ಬರೂ ಅಲ್ಲೇ ನಿದ್ದೆ ಹೋಗಿರುತ್ತಿದ್ದರು. ಆ ಚಿತ್ರ ಈಗಲೂ ಕಣ್ಣ ಮುಂದಿದೆ.

ಎರಡನೆಯ ಚಳಿಗಾಲದಲ್ಲಿ ಮೇಧಾಳ ಉಸಿರಿನಲ್ಲಿ ಸಣ್ಣ ಸೀಟಿಯ ಸದ್ದು ಕೇಳಿಸತೊಡಗಿತು. ಅಲರ್ಜಿಯ ಡಾಕ್ಟರು ಪರೀಕ್ಷೆ ಮಾಡಿ ನಿಧಾನವಾಗಿ ವಿವರಿಸಿದರು. ನಾಯಿಯನ್ನು ಬಿಡಲೇಬೇಕು ಎಂದೇನಿಲ್ಲ. ಕೆಲವು ವಾರ ಬೇರೆಲ್ಲಾದರೂ ಇಡಿ. ಅಷ್ಟರಲ್ಲಿ ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಕೊಂಡು ಕಾರ್ಪೆಟ್ಟನ್ನೆಲ್ಲ ಶುದ್ಧ ಮಾಡಿ, ಮಗುವಿನ ಉಸಿರು ಸರಿಹೋದ ಮೇಲೆ ಕರೆದುಕೊಂಡು ಬನ್ನಿ, ಮಲಗುವ ಕೋಣೆಗೆ ಮಾತ್ರ ಬಿಡಬೇಡಿ. ಮೇಧಾ ಕುರ್ಚಿಯ ತುದಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಕಾರಿನಲ್ಲಿ ಕೇಳಿದ ಪ್ರಶ್ನೆ ಒಂದೇ: "ಅಪ್ಪ, ಹೌ ಮೆನಿ ವೀಕ್ಸ್ ಈಸ್ ಕೆಲವು ವಾರ?"

"ವ್ಯಾಕ್ಯೂಮ್ ತಂದ ತಕ್ಷಣ, ಪುಟ್ಟಿ" ಎಂದೆ. ಆಗ ನಾನು ಅದನ್ನು ಮನಸಾರೆ ಹೇಳಿದ್ದೆ.

ಕೆಲವು ವಾರಕ್ಕೆ ಜಾಗ ಸಿಕ್ಕಿದ್ದು ಕಾರಿನಲ್ಲಿ ಆರೇಳು ಗಂಟೆ ದೂರದ ಫೋರ್ಟ್ ಮಿಲ್‌ನಲ್ಲಿ, ಪ್ರಭಾಕರನ ಮನೆಯಲ್ಲಿ. ಪ್ರಭಾಕರ ನನ್ನ ಕಾಲೇಜಿನ ಗೆಳೆಯ. ಶಾರ್ಲಟ್‌ನ ಬ್ಯಾಂಕೊಂದರಲ್ಲಿ ಕೆಲಸ, ರಾಜ್ಯದ ಗಡಿ ದಾಟಿ ದಿನಾ ಓಡಾಡುತ್ತಿದ್ದ. ಹೆಂಡತಿ ವಿನುತಾ ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವರಿಗೆ ಕೆಲಸ ಮಾಡುವಂತಿಲ್ಲ. ಅವರಿಗೆ ಆಗ ಕಾರು ಓಡಿಸಲೂ ಬರುತ್ತಿರಲಿಲ್ಲ. ಹೊಸ ಬಡಾವಣೆ, ಅಕ್ಕಪಕ್ಕದಲ್ಲಿ ನಮ್ಮವರು ಯಾರೂ ಇಲ್ಲ. ಪ್ರಭಾಕರ ಬೆಳಿಗ್ಗೆ ಹೋದರೆ ಅವರು ಸಂಜೆಯವರೆಗೆ ಮಾತಾಡುತ್ತಿದ್ದದ್ದು ಟೀವಿಯ ಜೊತೆ. ಇದೆಲ್ಲ ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದೇ ಬೇರೆ, ಯೋಚಿಸುವುದೇ ಬೇರೆ.

"ಕೆಲವು ವಾರ ತಾನೆ ಕಣೋ, ಬಿಟ್ಟು ಹೋಗು" ಎಂದು ಪ್ರಭಾಕರ ಫೋನಿನಲ್ಲಿ ಒಪ್ಪಿಬಿಟ್ಟಿದ್ದ, ಹೆಂಡತಿಯನ್ನು ಕೇಳದೆ. ನಾವು ಹೋದಾಗ ವಿನುತಾ ಮೆಟ್ಟಿಲಿನ ಮೇಲೆ, ನಾಯಿಗೆ ಎಟುಕದಷ್ಟು ಎತ್ತರದಲ್ಲಿ ನಿಂತು ನಮ್ಮನ್ನು ಬರಮಾಡಿಕೊಂಡರು. ಮೇಧಾ ಅವರಿಗೆ ಕೆಳಗಿನಿಂದಲೇ ಪಾಠ ಹೇಳಿದಳು.

"ಆಂಟಿ, ಅವಳಿಗೆ ಬೆಲ್ಲಿ ರಬ್ ಬೇಕು. ಡೈಲಿ."

"ಹೊಟ್ಟೆ ಮುಟ್ಟಲೇಬೇಕಾ ಪುಟ್ಟಿ? ದೂರದಿಂದ ಮಾತಾಡ್ಸಿದ್ರೆ ಸಾಲ್ದಾ?"

"ನೋ ಆಂಟಿ. ಮುಟ್ಟಬೇಕು. ಅದರ್‌ವೈಸ್ ಅವಳು ಸ್ಯಾಡ್ ಆಗ್ತಾಳೆ."

ವಾಪಸು ಬರುವಾಗ ಮೇಧಾ ಹಿಂದಿನ ಕಿಟಕಿಯಿಂದ ನೋಡುತ್ತಲೇ ಇದ್ದಳು. ನಾನು ಮಾತ್ರ ಆಗಲೇ ವ್ಯಾಕ್ಯೂಮಿನ ಬಗ್ಗೆ ಲೆಕ್ಕ ಹಾಕುತ್ತಿದ್ದೆ, ಒಂದು ಬಗೆಯ ಹುರುಪಿನಿಂದಲೇ.

ಈಗ ಬಂತು ನೋಡಿ ನನ್ನ ಪ್ರತಾಪ. ಮೊದಲು ಬಲ್ಲವರನ್ನೆಲ್ಲ ಕೇಳಿದೆ. ದೇವಸ್ಥಾನದಲ್ಲಿ, ಹುಟ್ಟುಹಬ್ಬದ ಪಾರ್ಟಿಗಳಲ್ಲಿ, ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಪರದೆಯ ಹಿಂದೆ ನಿಂತಿದ್ದ ನಾಟಕದ ಭೀಮನನ್ನೂ ಕೇಳಿದೆ. ಭೀಮ ಗದೆ ಕೆಳಗಿಟ್ಟು, ನೆಟ್ಟಗೆ ನಿಲ್ಲುವ ಯಂತ್ರವೇ ಒಳ್ಳೆಯದು, ನೆಲದ ಮೇಲೆ ಎಳೆದಾಡುವ ಡಬ್ಬಿಯಂಥದ್ದು ಬೆನ್ನು ಮುರಿಯುತ್ತದೆ ಎಂದ. ದುರ್ಯೋಧನ ಅದಕ್ಕೆ ತದ್ವಿರುದ್ಧ. ಇದರ ಮೇಲೆ ಇಂಟರ್ನೆಟ್ಟಿನಲ್ಲಿ ಗಿರಾಕಿಗಳು ಬರೆದ ಅಭಿಪ್ರಾಯಗಳು. ಆಫೀಸಿನ ಊಟದ ಬಿಡುವಿನಲ್ಲಿ ಅವನ್ನು ಓದುತ್ತಾ ಓದುತ್ತಾ ಆ ಜನರೆಲ್ಲ ನನಗೆ ನೆಂಟರಾದರು. ಒಹಾಯೋದಲ್ಲಿ ಬೆಕ್ಕುಗಳ ಹಿಂಡು ಸಾಕಿಕೊಂಡಿದ್ದ ಒಬ್ಬ ಅಜ್ಜಿ ಯಾವ ಯಂತ್ರವನ್ನು ಹೊಗಳುತ್ತಿದ್ದಳೋ ಅದನ್ನೇ ಟೆಕ್ಸಸ್‌ನ ಒಬ್ಬ ಕುದುರೆ ಸಾಕುವವನು ಬೈಯುತ್ತಿದ್ದ. ಅಜ್ಜಿಯ ಬೆಕ್ಕೊಂದು ತೀರಿಕೊಂಡ ಸುದ್ದಿ ಓದಿ ಮನೆಯಲ್ಲಿ ಹೇಳಿದೆ. ಸುಮಾ ನನ್ನ ಮುಖವನ್ನೇ ನೋಡಿದಳು.

"ರೀ, ನಮ್ಮನೆ ನಾಯಿ ಫೋರ್ಟ್ ಮಿಲ್‌ನಲ್ಲಿದೆ" ಎಂದಳು.

ಆಮೇಲೆ ಒಂದೊಂದಾಗಿ ಮನೆಗೆ ತರುವುದು ಶುರುವಾಯಿತು. ಈ ದೇಶದಲ್ಲಿ ಒಂದು ಅನುಕೂಲವಿದೆಯಲ್ಲ, ಕೊಂಡದ್ದನ್ನು ಬಳಸಿ ನೋಡಿ ಹಿಂದಿರುಗಿಸಬಹುದು. ನಮ್ಮವರು ಈ ಅನುಕೂಲವನ್ನು ಬಳಸಿಕೊಂಡಷ್ಟು ಇನ್ಯಾರೂ ಬಳಸಿಕೊಂಡಿಲ್ಲ. ಊರಿನಿಂದ ಬಂದ ಅತ್ತೆ ಮಾವನಿಗೆ ನಯಾಗರಾ ತೋರಿಸಿ ಕ್ಯಾಮೆರಾ ವಾಪಸು ಕೊಟ್ಟವರನ್ನು ನಾನು ಬಲ್ಲೆ. ನನ್ನದು ಅಂಥ ಸಣ್ಣತನವಲ್ಲ, ಶುದ್ಧ ಪರೀಕ್ಷೆ. ಜಿಂಜರ್ ಹೋಗುವ ಮುಂಚೆ ಸೋಫಾದಿಂದ, ಅದರ ಹಾಸಿಗೆಯಿಂದ ಕೂದಲು ಕಿತ್ತು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂಡಿಟ್ಟಿದ್ದೆ. ಅದರಲ್ಲೊಂದು ಹಿಡಿ ತೆಗೆದು, ಕಾರ್ಪೆಟ್ಟಿನ ಒಂದು ಚೌಕದಲ್ಲಿ ಹರಡಿ, ಮೇಲೆ ಸ್ವಲ್ಪ ಸಾಸಿವೆ, ಸ್ವಲ್ಪ ಅವಲಕ್ಕಿ ಪುಡಿ ಉದುರಿಸಿ, ಶೂ ಹಾಕಿಕೊಂಡು ತುಳಿದು, ನಂತರ ಯಂತ್ರ ಓಡಿಸಿ, ಮಂಡಿಯೂರಿ ಕೂತು ಟಾರ್ಚ್ ಹಾಕಿ ನೋಡುತ್ತಿದ್ದೆ. ಮನೆಯೊಳಗೆ ಶೂ ಹಾಕಿದ್ದಕ್ಕೆ ಸುಮಾ ಬೈದಳು. ಸಾಸಿವೆ ಚೆಲ್ಲಿದ್ದಕ್ಕೆ ಇನ್ನೂ ಹೆಚ್ಚು ಬೈದಳು.

ಮೊದಲು ತಂದ ಯಂತ್ರ ಕೂದಲನ್ನು ಚೆನ್ನಾಗಿಯೇ ಎಳೆದುಕೊಂಡಿತು. ಆದರೆ ಗೋಡೆಯ ಮೂಲೆಗೆ ಹೋದಾಗ ಒಂಥರಾ ಶಿಳ್ಳೆ ಹೊಡೆಯಿತು. ಶಿಳ್ಳೆ ಯಾಕೆ? ನನ್ನ ಒಳಗಿನ ಟೆಸ್ಟರ್ ಎದ್ದು ಕೂತ. ವಾಪಸು. ಎರಡನೆಯದರ ಉರುಳುವ ಬ್ರಶ್ಶಿಗೆ ಕೂದಲು ಸುತ್ತಿಕೊಂಡು ಕತ್ತರಿ ಹಾಕಬೇಕಾಯಿತು. ವಾಪಸು. ಮತ್ತೊಂದರ ವೈರು ಮೆಟ್ಟಿಲಿನ ತುದಿಗೆ ಎಟುಕಲಿಲ್ಲ, ಇನ್ನೊಂದು ಭಾರ, ಮುಂದಿನದರ ಧೂಳಿನ ಡಬ್ಬಿ ಬಿಚ್ಚುವಾಗ ಎಲ್ಲ ಮುಖಕ್ಕೇ ಹಾರಿ ನಾನೇ ಸೀನಿದೆ. ಅಂಗಡಿಯ ವಾಪಸಾತಿ ಕೌಂಟರಿನ ಹೆಂಗಸು, ದಪ್ಪ ಕನ್ನಡಕದ, ನಗುಮೊಗದ ಕಪ್ಪು ಮಹಿಳೆ, ನನ್ನನ್ನು ದೂರದಿಂದಲೇ ಗುರುತಿಸತೊಡಗಿದಳು. "ಈ ಸಲ ಇದು ಏನು ತಪ್ಪು ಮಾಡಿತು, ಹನಿ?" ಎಂದು ಕೇಳುತ್ತಿದ್ದಳು. ಒಮ್ಮೆ "ನಿಮ್ಮ ನಾಯಿ ಎಂಥದ್ದು?" ಎಂದೂ ಕೇಳಿದಳು. "ಅದು ಈಗ ಮನೆಯಲ್ಲಿಲ್ಲ" ಎಂದೆ. ಅವಳು ತಪ್ಪು ತಿಳಿದು, ಕೌಂಟರಿನಾಚೆಯಿಂದ ನನ್ನ ಕೈ ಹಿಡಿದು ಸಂತಾಪ ಹೇಳಿದಳು. ನಾನು ತಿದ್ದಲು ಹೋಗಲಿಲ್ಲ.

ಪರೀಕ್ಷೆಗೆ ಇನ್ನೊಂದು ಅಡ್ಡಿಯಿತ್ತು. ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಕಸ ಗುಡಿಸುವುದಿಲ್ಲವಷ್ಟೆ, ಲಕ್ಷ್ಮಿ ಹೊರಟುಹೋಗುತ್ತಾಳೆಂದು. ಸುಮಾ ಈ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. ಇಲ್ಲಿಯ ಚಳಿಗಾಲದಲ್ಲಿ ನಾವು ಆಫೀಸಿನಿಂದ ಬರುವ ಹೊತ್ತಿಗೆ ಕತ್ತಲಾಗಿ, ಬಂದವಳೇ ಕೈಕಾಲು ತೊಳೆದು ದೀಪ ಹಚ್ಚುತ್ತಿದ್ದಳು. ಅಲ್ಲಿಗೆ ಆ ದಿನದ ಪರೀಕ್ಷೆ ಮುಗಿದ ಹಾಗೆ. ನಾನು ವಾದ ಹೂಡಿದೆ.

"ನೋಡು, ಪೊರಕೆ ಕಸಾನ ಹೊರಗೆ ಹಾಕುತ್ತೆ. ವ್ಯಾಕ್ಯೂಮ್ ಹಾಕಲ್ಲ. ಕಸ ಚೀಲದೊಳಗೆ, ಚೀಲ ಮನೆಯೊಳಗೆ. ಲಕ್ಷ್ಮಿ ಎಲ್ಲಿಗೆ ಹೋಗ್ತಾಳೆ?"

ಸುಮಾ ಒಂದು ಕ್ಷಣ ಯೋಚಿಸಿದಳು. "ಸರಿ, ಲಕ್ಷ್ಮೀನ ಕಸದ ಚೀಲದಲ್ಲಿ ಕೂಡಿಹಾಕ್ತೀರಾ ಹಾಗಾದ್ರೆ?" ಎಂದಳು. ಪರೀಕ್ಷೆಗಳು ಶನಿವಾರ ಭಾನುವಾರಕ್ಕೆ ಹೋದವು, ಶನಿವಾರ ಭಾನುವಾರಗಳು ಯಾರದೋ ಗೃಹಪ್ರವೇಶಕ್ಕೆ, ಯಾರದೋ ನಾಮಕರಣಕ್ಕೆ ಹೋದವು. ಕಾರಣಗಳಿಗೆ ನನಗೆ ಯಾವತ್ತೂ ಕೊರತೆಯಾಗಿಲ್ಲ.

ಹೀಗೆ ತಿಂಗಳುಗಳು ಉರುಳಿದವು. ಮೇಧಾಳ ಉಸಿರು ಬೇಸಿಗೆಯ ಹೊತ್ತಿಗೇ ಸರಿಹೋಗಿತ್ತು. ಮನೆಯಲ್ಲಿದ್ದ ಹಳೇ ವ್ಯಾಕ್ಯೂಮೇ ಸಾಕಾಗಿತ್ತೋ ಏನೋ. ಡಾಕ್ಟರು ಕೂಡ "ಇನ್ನು ತರಬಹುದು, ಮನೆ ಸ್ವಚ್ಛವಾಗಿರಲಿ" ಎಂದರು. ಆದರೆ ಸರಿಯಾದ ಯಂತ್ರವಿಲ್ಲದೆ ಹೇಗೆ ತರುವುದು? ತಂದ ಮೇಲೆ ಮತ್ತೆ ಉಸಿರು ಕೆಟ್ಟರೆ? ಮಗುವಿನ ಎದೆಯ ಮಾತು. ಈಗ ಬೈದುಕೊಳ್ಳುವಾಗಲೂ ಆ ಭಯ ಸುಳ್ಳಾಗಿತ್ತೆಂದು ಹೇಳಲಾರೆ.

ಅಷ್ಟರಲ್ಲಿ ಚೀಲದ ಕೂದಲು ತಳ ಕಂಡಿತು. ಒಂದು ಶನಿವಾರ ನಾನು ಕೊನೆಯ ಹಿಡಿಯನ್ನು ತೆಗೆಯುವಾಗ ಮೇಧಾ ಬಂದು ಪಕ್ಕದಲ್ಲಿ ಕೂತಳು.

"ಅಪ್ಪ, ಅದು ಖಾಲಿ ಆದ್ರೆ ಏನ್ ಮಾಡ್ತೀಯಾ?"

"ಪ್ರಭಾಕರ್ ಅಂಕಲ್‌ಗೆ ಕಳಿಸೋಕೆ ಹೇಳ್ತೀನಿ."

"ಜಿಂಜರ್ನಾ?"

"ಕೂದಲನ್ನ."

ಅವಳು ನಾನು ಹರಡಿದ ಕೂದಲಿನ ಮೇಲೆ ಒಮ್ಮೆ ಅಂಗೈ ಆಡಿಸಿ ಎದ್ದುಹೋದಳು. ನಾನು ಸ್ವಿಚ್ ಒತ್ತಿದೆ. ಯಂತ್ರ ಒಂದೇ ಸಲಕ್ಕೆ ಎಲ್ಲವನ್ನೂ ಎಳೆದುಕೊಂಡಿತು. ಆ ಯಂತ್ರವನ್ನೂ ಯಾವುದೋ ಕಾರಣಕ್ಕೆ ವಾಪಸು ಮಾಡಿದೆ, ಕಾರಣ ನೆನಪಿಲ್ಲ. ಅವಳ ಅಂಗೈ ಮಾತ್ರ ನೆನಪಿದೆ.

ನಂಬುತ್ತೀರೋ ಇಲ್ಲವೋ, ನಾನು ನಿಜವಾಗಿಯೂ ಫೋನ್ ಮಾಡಿ ಕೂದಲು ಕೇಳಿದೆ. "ಲೋ, ನಿಂಗೆ ತಲೆ ಕೆಟ್ಟಿದೆ, ನಾಯೀನೇ ಕರ್ಕೊಂಡು ಹೋಗೋ" ಎಂದ ಪ್ರಭಾಕರ. ಆದರೆ ವಿನುತಾ ಕಳಿಸಿದರು. ಬಾಚಿ ತೆಗೆದ ಕೂದಲು ಒಂದು ಲಕೋಟೆಯಲ್ಲಿ ಅಂಚೆಯಲ್ಲಿ ಬಂತು. ಆಮೇಲೊಮ್ಮೆ ಕೇಳಿದಾಗ ಅವರೇ ಫೋನ್ ತೆಗೆದುಕೊಂಡು ಹೇಳಿದರು: "ಈಗ ಅವಳು ಅಷ್ಟು ಉದುರಿಸೋದೇ ಇಲ್ಲ, ಶ್ರೀಧರ್. ವಾರಕ್ಕೊಂದ್ಸಲ ಕೊಬ್ಬರಿ ಎಣ್ಣೆ ಸವರಿ ಬಾಚ್ತೀನಿ. ಸ್ವಲ್ಪ ಎಣ್ಣೆ ಊಟಕ್ಕೂ ಹಾಕ್ತೀನಿ. ಮೊನ್ನೆ ಡಾಕ್ಟರ್ ಹತ್ರ ನಾನೇ ಡ್ರೈವ್ ಮಾಡ್ಕೊಂಡು ಕರ್ಕೊಂಡು ಹೋಗಿದ್ದೆ, ಅವರೂ ಹೇಳಿದ್ರು ಮೈಕೂದಲು ಚೆನ್ನಾಗಿದೆ ಅಂತ."

ಅವರು ಡ್ರೈವಿಂಗ್ ಕಲಿತದ್ದು ನನಗೆ ಆಗಲೇ ಗೊತ್ತಾದದ್ದು. ಒಳ್ಳೆಯದಾಯಿತು ಎಂದೆ. ಅಷ್ಟೇ ಅಂದದ್ದು.

ಪ್ರತಿ ಭಾನುವಾರ ಮೇಧಾ ಜಿಂಜರ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ವಿನುತಾ ಅಲ್ಲಿ ಅದರ ಕಿವಿಗೆ ಫೋನ್ ಹಿಡಿಯುತ್ತಿದ್ದರು. ಮೊದಮೊದಲು ಈ ಮಾತುಕತೆ ಮುಗಿಯುತ್ತಲೇ ಇರಲಿಲ್ಲ. ನಂತರ ಜಿಂಜರ್ ಜೊತೆಗಿಂತ ಆಂಟಿಯ ಜೊತೆ ಹೆಚ್ಚು ಮಾತು: ಅವಳು ಏನು ತಿಂದಳು, ಎಲ್ಲಿ ಮಲಗಿದಳು. ನಂತರ "ಸೇ ಹಾಯ್ ಟು ಹರ್" ಎಂಬಷ್ಟಕ್ಕೆ ಬಂತು. "ಯಾವಾಗ ಕರ್ಕೊಂಡು ಬರೋದು ಅಪ್ಪ?" ಎಂದು ಪ್ರತಿವಾರ ಕೇಳುತ್ತಿದ್ದವಳು ಯಾವಾಗಲೋ ಕೇಳುವುದನ್ನು ನಿಲ್ಲಿಸಿದಳು. ನನಗೆ ನಿರಾಳವಾಯಿತು. ಮಗಳಿಗೆ ತಾಳ್ಮೆ ಬಂದಿದೆ ಎಂದು ಸುಮಾಳ ಮುಂದೆ ಹೆಮ್ಮೆಪಟ್ಟೆ ಕೂಡ. ಮಕ್ಕಳು ಕೇಳುವುದನ್ನು ಬಿಟ್ಟಾಗ ಅಪ್ಪಂದಿರು ಎಚ್ಚರವಾಗಬೇಕು, ನಾನು ಆರಾಮಾಗಿ ಕೂತೆ.

ಕೊನೆಗೂ ಒಂದು ಯಂತ್ರ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತು. ಹಗುರ, ವೈರು ಉದ್ದ, ಕೂದಲು ಸುತ್ತಿಕೊಳ್ಳುವುದಿಲ್ಲ, ಫಿಲ್ಟರ್ ಒಳ್ಳೆಯದು. ಮೂಲೆಯಲ್ಲಿ ಸಣ್ಣಗೆ ಶಿಳ್ಳೆ ಹೊಡೆಯುತ್ತಿತ್ತು, ಆದರೆ ಅಷ್ಟು ಯಂತ್ರಗಳನ್ನು ಕಂಡವನಿಗೆ ಶಿಳ್ಳೆ ಒಂದು ದೋಷವೇ? ನಾನು ವಿಜಯೋತ್ಸಾಹದಿಂದ ಸುಮಾಳನ್ನು ಕರೆದೆ. ಅವಳು ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಮೊದಲನೇ ಸಲ ತಂದಿದ್ದು ಇದೇ ಅಲ್ವೇನ್ರೀ? ಆಗ ನೀಲಿ ಇತ್ತು, ಈಗ ಕೆಂಪು."

ಪೆಟ್ಟಿಗೆ ತಿರುಗಿಸಿ ನೋಡಿದೆ. ಇದೇ. ಅವಳು ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಮೇಧಾಗೆ ಮುಂದಿನ ವಾರ ಹೋಗಿ ಜಿಂಜರನ್ನು ಕರೆತರೋಣ ಎಂದಾಗ ಅವಳು "ರಿಯಲಿ?" ಎಂದಳು. ಅದರಲ್ಲಿ ಸಂತೋಷಕ್ಕಿಂತ ಆಶ್ಚರ್ಯ ಹೆಚ್ಚಾಗಿತ್ತು.

ನಾವು ಫೋರ್ಟ್ ಮಿಲ್ ತಲುಪಿದಾಗ ಊಟದ ಹೊತ್ತು ಮೀರಿತ್ತು. ವಿನುತಾ ಬಿಸಿಬೇಳೆಬಾತ್ ಮಾಡಿ ಕಾಯುತ್ತಿದ್ದರು. ಬಾಗಿಲು ತೆರೆದದ್ದೇ ಜಿಂಜರ್ ಮೇಧಾಳ ಮೇಲೆ ಹಾರಿತು. ಮರೆತಿರಲಿಲ್ಲ, ಒಂದಿಷ್ಟೂ ಮರೆತಿರಲಿಲ್ಲ. ಇಬ್ಬರೂ ನೆಲದ ಮೇಲೆ ಹೊರಳಾಡಿದರು. ಜಿಂಜರ್ ಮೈ ಮಿರಮಿರ ಮಿಂಚುತ್ತಿತ್ತು. ಬೆಳಿಗ್ಗೆಯೇ ವಿನುತಾ ಸ್ನಾನ ಮಾಡಿಸಿದ್ದಾರೆಂದು ಪ್ರಭಾಕರ ಹೇಳಿದ. ಹಿತ್ತಲಿಗೆ ಅವನೇ ಬೇಲಿ ಹಾಕಿಸಿದ್ದ. ಬಾಗಿಲ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ಸಿದ್ಧವಾಗಿತ್ತು: ಊಟದ ಬಟ್ಟಲು, ಬಾಚಣಿಗೆ, ಹಳೇ ಕಾಟನ್ ಸೀರೆಯನ್ನು ಮಡಿಸಿ ಹೊಲಿದ ಹಾಸಿಗೆ, ಒಂದು ಪುಟ್ಟ ಬಾಟಲಿ ಕೊಬ್ಬರಿ ಎಣ್ಣೆ.

"ಮಳೆ ಬಂದು ಗುಡುಗಿದ್ರೆ ಸ್ವಲ್ಪ ಹೆದರ್ತಾಳೆ" ಎಂದು ವಿನುತಾ ಸುಮಾಗೆ ಹೇಳುತ್ತಿದ್ದರು. "ಆಗ ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು. ಶುಂಠಮ್ಮ ಅಂತ ಕರೆದ್ರೂ ಬರ್ತಾಳೆ ಈಗ. ಹಾಲು ಹಾಕ್ಬೇಡಿ, ಒಗ್ಗಲ್ಲ." ಅವರು ನಗುನಗುತ್ತಾ ಮಾತಾಡುತ್ತಿದ್ದರು, ಒಂದೇ ಸಮನೆ, ನಮಗೆ ಉತ್ತರ ಹೇಳಲೂ ಬಿಡುವು ಕೊಡದೆ. ಬಡಿಸುವಾಗ ತುಪ್ಪವನ್ನು ನನ್ನ ತಟ್ಟೆಗೆ ಎರಡೆರಡು ಸಲ ಹಾಕಿದರು. ಪ್ರಭಾಕರ ತಲೆ ತಗ್ಗಿಸಿ ಊಟ ಮಾಡಿದ. ಅವನು ಅಷ್ಟು ಕಡಿಮೆ ಮಾತಾಡಿದ್ದನ್ನು ಕಾಲೇಜಿನ ದಿನಗಳಿಂದಲೂ ನಾನು ಕಂಡಿರಲಿಲ್ಲ.

ಊಟವಾದ ಮೇಲೆ ಏನೋ ಮರೆತೆ ಎಂದು ವಿನುತಾ ಮಹಡಿಗೆ ಹೋದರು. ಮೇಧಾಳ ತೊಡೆಯ ಮೇಲೆ ತಲೆಯಿಟ್ಟಿದ್ದ ಜಿಂಜರ್ ಎದ್ದು, ಮೆಟ್ಟಿಲಿನ ಬುಡಕ್ಕೆ ಹೋಗಿ, ಮೇಲಕ್ಕೆ ಮುಖ ಮಾಡಿ ಕೂತಿತು. ಮೇಧಾ ಕರೆದಳು. ಅದು ತಿರುಗಿ ನೋಡಿ, ಬಾಲ ಅಲ್ಲಾಡಿಸಿ, ಮತ್ತೆ ಮೇಲಕ್ಕೇ ನೋಡಿತು. ವಿನುತಾ ಬರುವುದು ತಡವಾಯಿತು. ಬಂದಾಗ ಮುಖ ತೊಳೆದುಕೊಂಡಿದ್ದರು, ಕೈಯಲ್ಲಿ ಏನೂ ಇರಲಿಲ್ಲ. ಜಿಂಜರ್ ಅವರ ಸೀರೆಯ ನೆರಿಗೆಗೆ ಮೂತಿ ಒತ್ತಿಕೊಂಡೇ ಹಿಂದೆ ಬಂತು.

ಮೇಧಾ ಇದನ್ನೆಲ್ಲ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ, ಆದರೆ ನಾನು ಟ್ರಾಫಿಕ್ಕಿಗೆ ಮುಂಚೆ ಹೊರಡಬೇಕೆಂದು ಕಾರಿನ ಕೀಲಿ ಹುಡುಕುತ್ತಲೂ ಇದ್ದೆ. ಆಗ ಅವಳು ಕೆಮ್ಮಿದಳು. ಒಮ್ಮೆ, ಮತ್ತೊಮ್ಮೆ. ಶಾಲೆಯ ನಾಟಕದಲ್ಲಿ ಕೂಡ ಅವಳು ಚೆನ್ನಾಗಿ ನಟಿಸಿದವಳಲ್ಲ.

"ಆಂಟಿ, ಐ ಥಿಂಕ್ ಅವಳು ಇಲ್ಲೇ ಇರಬೇಕು. ನಂಗೆ ಮತ್ತೆ ಕಾಫ್ ಬರ್ತಾ ಇದೆ."

ವಿನುತಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಹೌದಾ ಪುಟ್ಟಿ? ಆದ್ರೆ ಹೊಸ ವ್ಯಾಕ್ಯೂಮ್ ಬಂದಿದೆಯಲ್ಲಮ್ಮಾ. ಅಪ್ಪ ಅಷ್ಟು ದಿನ ಹುಡುಕಿ ತಂದಿದಾರೆ."

"ಅದು ವರ್ಕ್ ಆಗಲ್ಲ ಆಂಟಿ" ಎಂದಳು ಮೇಧಾ, ನೆಲ ನೋಡುತ್ತಾ.

ವಿನುತಾ ತಲೆಯೆತ್ತಿ ನನ್ನನ್ನು ನೋಡಿದರು. ಸುಮಾ ನೋಡಿದಳು. ಪ್ರಭಾಕರನೂ ನೋಡಿದ. ಮೇಧಾ ಮಾತ್ರ ನೋಡಲಿಲ್ಲ, ಅವಳ ಕೈ ಜಿಂಜರ್ ಬೆನ್ನ ಮೇಲಿತ್ತು. ಆ ಯಂತ್ರವನ್ನು ನಾನು ಹೇಗೆಲ್ಲ ಪರೀಕ್ಷಿಸಿದ್ದೆ ಎಂದು ಅಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಬೇಗ ಯಾವುದಕ್ಕೂ ಉತ್ತರ ಕೊಟ್ಟವನಲ್ಲ ನಾನು.

"ಹೌದು ವಿನುತಾ" ಎಂದೆ. "ಅದೂ ಅಷ್ಟಕ್ಕಷ್ಟೇ. ವಾಪಸ್ ಮಾಡ್ಬೇಕು."

ವಿನುತಾ ಎದ್ದು, ಬಾಗಿಲ ಬಳಿಯ ಚೀಲದಿಂದ ಬಟ್ಟಲನ್ನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದು ಕೇಳಿ ಜಿಂಜರ್ ಅವರ ಹಿಂದೆ ಓಡಿತು. ಮೇಧಾಳ ಕೈ ಅದರ ಬೆನ್ನಿದ್ದ ಎತ್ತರದಲ್ಲೇ ಒಂದು ಕ್ಷಣ ಹಾಗೇ ನಿಂತಿತ್ತು. ಕೆಮ್ಮುವುದನ್ನು ಅವಳು ಮರೆತೇಬಿಟ್ಟಿದ್ದಳು.